ಗಟ್ಟಿಯಾಗಿ ಓದಿತು, ಅರ್ಥವಾಯಿತೇ? ಹಾಡಿ ಮಕ್ಕಳ ಕಥೆ ಪುಸ್ತಕಗಳ ಬಗ್ಗೆ ಒಂದು ಬಹಿರಂಗ ಪತ್ರ

ಮಾನ್ಯ ಶಾಲಾ ಶಿಕ್ಷಣ ಮತ್ತು ಸಾಕ್ಷರತಾ ಸಚಿವರಿಗೆ ಹಾಗೂ ಮಾನ್ಯ ಪರಿಶಿಷ್ಟ ವರ್ಗಗಳ ಕಲ್ಯಾಣ ಸಚಿವರಿಗೆ,

ಮಾನ್ಯರೇ,

ಕನ್ನಡ ಲಿಪಿಯನ್ನು ಬರೆದ ಹಾಗೇ ಓದಬಹುದು. ಅಕ್ಷರ, ಕಾಗುಣಿತ, ಒತ್ತಕ್ಷರ ಕೈವಶವಾದ ಮಗು ಯಾವ ಪುಟ ತೆರೆದುಕೊಟ್ಟರೂ ಗಟ್ಟಿಯಾಗಿ ಓದಿಬಿಡುತ್ತದೆ, ಅದರಲ್ಲಿನ ಒಂದು ಪದದ ಅರ್ಥ ಗೊತ್ತಿಲ್ಲದಿದ್ದರೂ. ಲಿಪಿಯ ಮಟ್ಟಿಗೆ ಇದು ದೊಡ್ಡ ಅನುಕೂಲ. ಆದರೆ ಹಾಡಿ, ಪೋಡು ಎನ್ನುವ ಬುಡಕಟ್ಟು ನೆಲೆಗಳಿಂದ ಬರುವ, ಮನೆಯಲ್ಲಿ ತಮ್ಮದೇ ಭಾಷೆಯಾಡುವ ಜೇನು ಕುರುಬ, ಬೆಟ್ಟ ಕುರುಬ, ಯರವ, ಸೋಲಿಗ ಮಕ್ಕಳು ಕೂರುವ ತರಗತಿಗಳಲ್ಲಿ ಇದೇ ಅನುಕೂಲ ಶಿಕ್ಷಕರ, ತಪಾಸಣೆಗೆ ಬರುವ ಅಧಿಕಾರಿಗಳ ಕಣ್ಣಿಗೆ ಮಣ್ಣೆರಚುತ್ತಿದೆ. ಮಗು ಓದುತ್ತದೆ, ಬಂದವರು 'ಶಹಬ್ಬಾಸ್' ಎನ್ನುತ್ತಾರೆ, ದಾಖಲೆಯಲ್ಲಿ 'ಓದಬಲ್ಲ' ಎಂದು ಬೀಳುತ್ತದೆ. ಓದಿದ್ದರಲ್ಲಿ ಯಾರು ಏನು ಮಾಡಿದರು ಎಂದು ಕೇಳಿದರೆ ಮಗು ಪುಸ್ತಕದ ಅದೇ ಸಾಲನ್ನು ಮತ್ತೆ ಓದಿ ಹೇಳುತ್ತದೆ. ನಾಲ್ಕನೇ ತರಗತಿಯ ಪರಿಸರ ಅಧ್ಯಯನದ ಪಾಠ ಬಂದಾಗ ಗುಟ್ಟು ರಟ್ಟಾಗುತ್ತದೆ. ಅಷ್ಟರಲ್ಲಿ ಮಗು ಹಿಂದೆ ಬಿದ್ದು ಮೂರು ವರ್ಷವಾಗಿರುತ್ತದೆ.

ಗಫ್ ಮತ್ತು ಟನ್ಮರ್ ಎಂಬ ಇಬ್ಬರು ಸಂಶೋಧಕರು 1986ರಲ್ಲಿ ಇದನ್ನು ಒಂದು ಗುಣಾಕಾರವಾಗಿ ಬರೆದರು. ಓದಿನ ಗ್ರಹಿಕೆ ಎಂದರೆ ಅಕ್ಷರ ಬಿಡಿಸುವ ಶಕ್ತಿ ಗುಣಿಸು ಆ ಭಾಷೆಯನ್ನು ಕೇಳಿ ಅರ್ಥಮಾಡಿಕೊಳ್ಳುವ ಶಕ್ತಿ. ಗುಣಾಕಾರವಾದ್ದರಿಂದ ಎರಡರಲ್ಲಿ ಒಂದು ಸೊನ್ನೆಯಾದರೆ ಉತ್ತರವೂ ಸೊನ್ನೆಯೇ. ನಮ್ಮ ಒಂದರಿಂದ ಮೂರನೇ ತರಗತಿಯ ಶ್ರಮವೆಲ್ಲ ಮೊದಲನೆಯದಕ್ಕೆ ಹೋಗುತ್ತಿದೆ. ಎರಡನೆಯದು ಹಾಡಿ ಮಗುವಿಗೆ ತನ್ನ ಭಾಷೆಯಲ್ಲಿ ಆಗಲೇ ಇದೆ, ಕನ್ನಡದಲ್ಲಿ ಇನ್ನೂ ಬರಬೇಕು. ಇರುವುದನ್ನು ಬಿಟ್ಟು ಇಲ್ಲದ್ದರ ಮೇಲೆ ಗೋಡೆ ಕಟ್ಟುತ್ತಿದ್ದೇವೆ.

ಕಾನೂನಿನ ಆಧಾರ ಬೇಕಾದಷ್ಟಿದೆ, ಅದನ್ನು ಇಲ್ಲಿ ಬೆಳೆಸುವುದಿಲ್ಲ. ಭಾಷಾ ಅಲ್ಪಸಂಖ್ಯಾತ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಬೋಧನೆಗೆ ಅನುಕೂಲ ಮಾಡಿಕೊಡಬೇಕೆನ್ನುವ ಸಂವಿಧಾನದ 350ಎ ವಿಧಿ ಇದೆ. ಶಿಕ್ಷಣ ಹಕ್ಕು ಕಾಯ್ದೆಯ 29(2)(ಎಫ್) ಸಾಧ್ಯವಾದ ಮಟ್ಟಿಗೆ ಮಾತೃಭಾಷೆಯಲ್ಲೇ ಬೋಧನೆ ನಡೆಯಬೇಕು ಎನ್ನುತ್ತದೆ. 2020ರ ಶಿಕ್ಷಣ ನೀತಿ ಸಾಧ್ಯವಿರುವ ಕಡೆಯೆಲ್ಲ ಕನಿಷ್ಠ ಐದನೇ ತರಗತಿವರೆಗೆ ಮನೆಮಾತು ಎನ್ನುತ್ತದೆ. ಒಡಿಶಾ ಸರ್ಕಾರ 2006-07ರ ಹೊತ್ತಿಗೇ 10 ಬುಡಕಟ್ಟು ಭಾಷೆಗಳಲ್ಲಿ ಬಹುಭಾಷಾ ಶಿಕ್ಷಣ ಶುರುಮಾಡಿ, ಮುಂದೆ 21 ಭಾಷೆಗಳಿಗೆ ಹಿಗ್ಗಿಸಿತು. ನಮ್ಮಲ್ಲಂತೂ ಕಾರ್ಡು, ಚಟುವಟಿಕೆಗಳ ಮೂಲಕ ಕಲಿಸುವ ನಲಿ-ಕಲಿ ಹುಟ್ಟಿದ್ದೇ 1995ರಲ್ಲಿ, ಹೆಗ್ಗಡದೇವನ ಕೋಟೆ ತಾಲ್ಲೂಕಿನಲ್ಲಿ. ಜೇನು ಕುರುಬರ, ಬೆಟ್ಟ ಕುರುಬರ, ಯರವರ ಹಾಡಿಗಳಿರುವ ತಾಲ್ಲೂಕು ಅದು. ಅಲ್ಲಿಂದ ಹೊರಟ ಪದ್ಧತಿ ರಾಜ್ಯವೆಲ್ಲ ಸುತ್ತಿತು, ಆ ಹಾಡಿಗಳ ಮಾತು ಮಾತ್ರ ಅದರ ಕಾರ್ಡುಗಳಿಗೆ ಹತ್ತಲಿಲ್ಲ.

ಈ ಕೊರತೆ ತುಂಬಲು ಇಲಾಖೆಗೆ ಮೊದಲು ಹೊಳೆಯುವ ದಾರಿ ಅನುವಾದ. ಕನ್ನಡದಲ್ಲಿರುವ ಕಥೆ ಪುಸ್ತಕಗಳನ್ನು ತೆಗೆದುಕೊಂಡು ಹಾಡಿಯ ಯುವಕರಿಂದ ಅವರ ಭಾಷೆಗೆ ಹಾಕಿಸಿ ಅಚ್ಚು ಮಾಡುವುದು. ದಯವಿಟ್ಟು ಇದರಿಂದ ಶುರು ಮಾಡಬೇಡಿ. ಕನ್ನಡದಲ್ಲಿ ಮೂರು ಅಕ್ಷರದ ಪದ ಆ ಭಾಷೆಯಲ್ಲಿ ಆರು ಅಕ್ಷರದ್ದಾಗಬಹುದು, ಆಗ ಒಂದನೇ ಹಂತದ ಪುಸ್ತಕ ಮೂರನೇ ಹಂತಕ್ಕೆ ಜಾರುತ್ತದೆ. ಅದಕ್ಕಿಂತ ದೊಡ್ಡ ತೊಂದರೆ ವಾಕ್ಯದ್ದು. ಅನುವಾದಿಸುವ ಹುಡುಗ ಕನ್ನಡ ಶಾಲೆಯಲ್ಲಿ ಓದಿದವನು, ಕನ್ನಡ ಪಠ್ಯ ಕಣ್ಣೆದುರಿಗಿದೆ. ಅವನ ವಾಕ್ಯ ಕನ್ನಡದ ವಾಕ್ಯವೇ ಆಗಿ, ಅಲ್ಲೊಂದು ಇಲ್ಲೊಂದು ಪದ ಮಾತ್ರ ಬದಲಾಗಿರುತ್ತದೆ. ಅದು ಮಗುವಿಗೆ ಮನೆಮಾತೂ ಅಲ್ಲ, ಶಾಲೆಯ ಮಾತೂ ಅಲ್ಲ.

ಕಥೆ ಆ ಭಾಷೆಯೊಳಗೇ ಹುಟ್ಟಬೇಕು. ನಾಲ್ಕೈದು ದಿನದ ಒಂದು ಕಮ್ಮಟ ಸಾಕು: ಕಥೆ ಹೇಳುವ ಹಿರಿಯರು ಇಬ್ಬರು, ಎಸ್ಸೆಸ್ಸೆಲ್ಸಿಯೋ ಪಿಯುಸಿಯೋ ಮುಗಿಸಿದ ಹಾಡಿಯ ಯುವಕ ಯುವತಿಯರು ನಾಲ್ಕೈದು ಮಂದಿ, ಒಂದರಿಂದ ಮೂರನೇ ತರಗತಿಗೆ ಕಲಿಸುವ ಶಿಕ್ಷಕರು ಇಬ್ಬರು, ಚಿತ್ರಕಾರರು ಒಬ್ಬರು. ಭಾಷಾಶಾಸ್ತ್ರದ ಸಹಾಯ ಬೇಕಾದರೆ ಮೈಸೂರಿನಲ್ಲೇ ಭಾರತೀಯ ಭಾಷಾ ಸಂಸ್ಥಾನವಿದೆ, ರಾಜ್ಯ ಬುಡಕಟ್ಟು ಸಂಶೋಧನಾ ಸಂಸ್ಥೆಯೂ ಇದೆ.

ಹಿರಿಯರು ಹೇಳುವ ಕಥೆಯ ಧ್ವನಿಮುದ್ರಣದಲ್ಲೇ ಮೊದಲ ಎಡವಟ್ಟು ಆಗುವುದು. ಹೊರಗಿನವರು ಮೊಬೈಲ್ ಹಿಡಿದು ಎದುರು ಕೂತು 'ಕಥೆ ಹೇಳಜ್ಜಿ' ಎಂದರೆ ಅಜ್ಜಿ ಕೂತವರ ಮುಖ ನೋಡಿ ಕನ್ನಡಕ್ಕೆ ಹೊರಳುತ್ತಾರೆ. ಅದು ಅವರ ಸೌಜನ್ಯ. ಹಾಗಾಗಿ ಕೇಳುವ ಜಾಗದಲ್ಲಿ ಅದೇ ಹಾಡಿಯ ಐದಾರು ವರ್ಷದ ಮಗು ಕೂತಿರಬೇಕು, ಧ್ವನಿ ಮುದ್ರಿಸುವವರು ಹಿಂದೆ ಸರಿಯಬೇಕು. ಮಗು ಎದುರಿಗಿದ್ದರೆ ವಾಕ್ಯ ತಾನಾಗಿ ಚಿಕ್ಕದಾಗುತ್ತದೆ, ಮಾತು ಮರುಕಳಿಸುತ್ತದೆ, ಪ್ರಾಣಿಗಳು ಮಾತಾಡುವಾಗ ದನಿ ಬದಲಾಗುತ್ತದೆ. ಒಂದನೇ ಹಂತದ ಪುಸ್ತಕಕ್ಕೆ ಬೇಕಾದದ್ದು ಅದೇ. ಪೂಜೆಗೆ, ಸಾವಿಗೆ, ದೈವಕ್ಕೆ ಸೇರಿದ ಕಥೆಗಳನ್ನು ಅಚ್ಚಿಗೆ ಕೊಡಬೇಕೋ ಬೇಡವೋ ಎಂಬುದು ಹಾಡಿಯವರ ತೀರ್ಮಾನ. ಅದನ್ನು ಮೊದಲೇ ಕೇಳಿ ಬರೆದಿಟ್ಟುಕೊಳ್ಳಬೇಕು. ಹೇಳಿದವರ ಹೆಸರು ಅವರು ಒಪ್ಪಿದರೆ ಪುಸ್ತಕದ ಮೇಲಿರಲಿ, ಹಕ್ಕು ಸಮುದಾಯದ್ದಾಗಿರಲಿ.

ಬರೆದಿಳಿಸಿದ ಮೇಲೆ ಪರೀಕ್ಷೆ ಸುಲಭ. ಬರೆದದ್ದನ್ನು ಒಂದು ಮಗುವಿಗೆ ಓದಿ ಹೇಳಿ, ಅದರ ಬಾಯಿಂದ ಕಥೆ ವಾಪಸ್ ಹೇಳಿಸಿ. ಮಗು ಎಲ್ಲಿ ಬೇರೆ ಪದ ಬಳಸುತ್ತದೋ ಅಲ್ಲಿ ಮಗುವಿನ ಪದವನ್ನೇ ಹಾಕಿ. ಒಂದು ಹಾಡಿಯಿಂದ ಇನ್ನೊಂದಕ್ಕೆ ಪದಗಳು ವ್ಯತ್ಯಾಸವಾಗುವುದು ಸಹಜ. ಯಾವುದು 'ಶುದ್ಧ' ಎಂಬ ಚರ್ಚೆಗೆ ಕೂತರೆ ಕಮ್ಮಟ ಅಲ್ಲೇ ಮುಗಿಯುತ್ತದೆ. ಒಂದನ್ನು ಆರಿಸಿ ಒಳಗೆ ಹಾಕಿ, ಉಳಿದವನ್ನು ಹಿಂಬದಿಯ ಒಳಪುಟದಲ್ಲಿ ಕೊಡಿ.

ಲಿಪಿ ಕನ್ನಡದ್ದೇ ಇರಲಿ. ಇದರಿಂದ ಮಗು ತನ್ನ ಭಾಷೆಯಲ್ಲಿ ಕಲಿತ ಪ್ರತಿ ಅಕ್ಷರವೂ ಕನ್ನಡ ಓದಿಗೆ ನೇರ ಜಮೆಯಾಗುತ್ತದೆ. ಹಾಡಿ ಭಾಷೆ ಕಲಿಸಿದರೆ ಕನ್ನಡಕ್ಕೆ ಹೊಡೆತ ಎನ್ನುವವರು ಈ ಲೆಕ್ಕವನ್ನು ಒಮ್ಮೆ ನೋಡಬೇಕು. ಆದರೆ ಕನ್ನಡ ಲಿಪಿ ಎಲ್ಲ ಭಾಷೆಯ ಎಲ್ಲ ಸ್ವರವನ್ನೂ ಹಿಡಿಯುವುದಿಲ್ಲ. ತುಳುವಿನ ಉದಾಹರಣೆ ಎಲ್ಲರಿಗೂ ಗೊತ್ತಿರುವುದರಿಂದ ಅದನ್ನೇ ಹೇಳುತ್ತೇವೆ. 'ನಾನು ಹೋಗುತ್ತೇನೆ', 'ಅವನು ಹೋಗುತ್ತಾನೆ' ಎರಡಕ್ಕೂ ಬರೆಯುವುದು 'ಪೋಪೆ' ಎಂದೇ, ಬಾಯಲ್ಲಿ ಮಾತ್ರ ಕೊನೆಯ ಎಕಾರ ಎರಡು ಬಗೆ. ದೊಡ್ಡವರು ಹಿಂದುಮುಂದಿನ ಮಾತು ನೋಡಿ ತಿಳಿಯುತ್ತಾರೆ. ಈಗಷ್ಟೇ ಓದಲು ಕಲಿಯುವ ಮಗುವಿಗೆ 'ಯಾರು ಹೋದದ್ದು?' ಎಂದು ಕೇಳಿದರೆ ಉತ್ತರ ತಪ್ಪುವುದು ಲಿಪಿಯಿಂದ, ಬುದ್ಧಿಯಿಂದಲ್ಲ. ಕೊಡವ ಮತ್ತು ನೀಲಗಿರಿ ಸುತ್ತಲಿನ ಹಲವು ಭಾಷೆಗಳಲ್ಲಿ ನಡುಬಾಯಿಯ ಸ್ವರಗಳಿವೆ, ಅವುಗಳಿಗೂ ಇದೇ ಪೇಚು. ಅರ್ಥ ಬದಲಾಗುವ ಕಡೆ ಮಾತ್ರ ಒಂದು ಗುರುತು ಹಾಕಿದರೆ ಸಾಕು, ಎಲ್ಲ ಕಡೆ ಹಾಕಿದರೆ ಪುಟವೇ ಗೋಜಲಾಗುತ್ತದೆ. ಆ ಗುರುತು ಯೂನಿಕೋಡ್‌ನಲ್ಲಿ ಈಗಾಗಲೇ ಇರುವಂಥದ್ದಾಗಲಿ. ಅಕ್ಷರದ ಕೆಳಗೆ ಬರುವ ಚುಕ್ಕಿಗುರುತು, ಅಂದರೆ ನುಕ್ತ ಚಿಹ್ನೆ, ಕನ್ನಡಕ್ಕೆ ಇದ್ದೇ ಇದೆ. ಹೊಸ ಚಿಹ್ನೆ ಕಂಡುಹಿಡಿದರೆ ಹಳೆಯ ಮೊಬೈಲುಗಳಲ್ಲಿ ಅದರ ಜಾಗದಲ್ಲಿ ಚುಕ್ಕಿಗಳ ಬಳೆಯೋ ಖಾಲಿ ಚೌಕವೋ ಕಾಣುತ್ತದೆ. ಯೂನಿಕೋಡ್ ಅಲ್ಲದ, 'ನುಡಿ' ತಂತ್ರಾಂಶದ ಹಳೆಯ ಅಕ್ಷರದಲ್ಲಿ ಟೈಪ್ ಮಾಡಿಸಲೇಬೇಡಿ, ಮುಂದಿನ ವರ್ಷ ಬೇರೆ ಕಂಪ್ಯೂಟರಿನಲ್ಲಿ ತೆರೆದರೆ ಇಂಗ್ಲಿಷ್ ಅಕ್ಷರಗಳ ಚಿಂದಿ ಸಿಗುತ್ತದೆ.

ಅಕ್ಷರ ಕಲಿಸುವ ಕ್ರಮಕ್ಕೂ ಇದಕ್ಕೂ ಸಂಬಂಧವಿದೆ. ನಲಿ-ಕಲಿಯಲ್ಲಿ ಮೊದಲ ಗುಂಪು 'ರ ಗ ಸ ದ ಅ', ಎರಡನೆಯದು 'ಜ ವ ಮ ಬ ನ'. ಅದು ಕನ್ನಡಕ್ಕೆ ಹೊಂದುವ ಕ್ರಮ. ಹಾಡಿ ಭಾಷೆಯಲ್ಲಿ ಹೆಚ್ಚು ಬಳಕೆಯ ಅಕ್ಷರಗಳು ಬೇರೆಯೇ ಇರಬಹುದು. ಬರೆದಿಳಿಸಿದ ಹತ್ತು ಕಥೆಗಳನ್ನು ಒಟ್ಟು ಸೇರಿಸಿ ಅಕ್ಷರಗಳನ್ನು ಎಣಿಸಿದರೆ ಉತ್ತರ ಸಿಗುತ್ತದೆ, ಕಂಪ್ಯೂಟರಿಗೆ ಒಂದು ನಿಮಿಷದ ಕೆಲಸ. ದ್ರಾವಿಡ ಮೂಲದ ಹಾಡಿ ಭಾಷೆಗಳಿಗೆ ಖ, ಘ, ಛ, ಝ, ಠ, ಢ, ಥ, ಧ, ಫ, ಭ ಎಂಬ ಹತ್ತು ಮಹಾಪ್ರಾಣಗಳು ಮೊದಲ ವರ್ಷ ಬೇಕಾಗುವುದಿಲ್ಲ. ಅವು ಕನ್ನಡ ಪುಸ್ತಕಗಳ ಜೊತೆ ಬರಲಿ. ಲಂಬಾಣಿ, ಹಕ್ಕಿಪಿಕ್ಕಿ ಭಾಷೆಗಳು ಇಂಡೋ-ಆರ್ಯನ್ ಕುಲದವು, ಅಲ್ಲಿ ಲೆಕ್ಕ ಬೇರೆ. ಕನ್ನಡದ ಅಕ್ಷರಗಳ ಸಂಖ್ಯೆ ಕಾಗುಣಿತ, ಒತ್ತಕ್ಷರ ಸೇರಿ ನೂರಾರು. ಅವೆಲ್ಲ ಕೈವಶವಾಗಲು ಕನ್ನಡದ ಮಕ್ಕಳಿಗೇ ನಾಲ್ಕನೇ ತರಗತಿವರೆಗೆ ಸಮಯ ಹಿಡಿಯುತ್ತದೆ ಎಂದು ಸೋನಾಲಿ ನಾಗ್ ಅವರ 2007ರ ಅಧ್ಯಯನ ತೋರಿಸಿದೆ. ಹಾಗಿರುವಾಗ ಬೇಡದ ಅಕ್ಷರ ಒಂದು ಕಡಿಮೆಯಾದರೂ ಲಾಭವೇ.

ಪುಸ್ತಕದ ಹಂತವನ್ನು ಪದಗಳ ಎಣಿಕೆಯಿಂದ ಕಟ್ಟುವುದು ಇಂಗ್ಲಿಷಿನಿಂದ ಬಂದ ಅಭ್ಯಾಸ. ಪ್ರತ್ಯಯಗಳನ್ನು ಪದಕ್ಕೇ ಅಂಟಿಸುವ ನಮ್ಮ ಭಾಷೆಗಳಿಗೆ ಅದು ಹೊಂದುವುದಿಲ್ಲ. ಒಂದು ಪದಕ್ಕೆ ಎಷ್ಟು ಅಕ್ಷರ, ಒಂದು ಸಾಲಿಗೆ ಎಷ್ಟು ಅಕ್ಷರ ಎಂದು ಎಣಿಸಿ. ನಮ್ಮ ಸಲಹೆ ಹೀಗೆ: ಒಂದನೇ ಹಂತದಲ್ಲಿ ಪುಟಕ್ಕೊಂದೇ ವಾಕ್ಯ, ಪದಕ್ಕೆ ಮೂರು ಅಕ್ಷರ, ಅಪರೂಪಕ್ಕೆ ನಾಲ್ಕು, ಒತ್ತಕ್ಷರ ಇಲ್ಲ. ಎರಡನೇ ಹಂತದಲ್ಲಿ ಪುಟಕ್ಕೆ ಎರಡು ವಾಕ್ಯ, ಪದಕ್ಕೆ ಐದು ಅಕ್ಷರದವರೆಗೆ, ಸಜಾತಿ ಒತ್ತುಗಳು. ಮೂರನೇ ಹಂತದಲ್ಲಿ ಉಳಿದದ್ದೆಲ್ಲ. ಒಂದು ಪದ ಸಾಲಿನ ಕೊನೆಯಲ್ಲಿ ಮುರಿದು ಮುಂದಿನ ಸಾಲಿಗೆ ಹೋಗಕೂಡದು. ಅಕ್ಷರದ ಗಾತ್ರ 24ರಿಂದ 28 ಪಾಯಿಂಟ್ ಇರಲಿ. ಸಾಲುಗಳ ನಡುವೆ ಧಾರಾಳ ಜಾಗ ಬಿಡಿ, ಇಲ್ಲದಿದ್ದರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸಿಗೆ ತಾಗಿ ಎರಡೂ ಓದಲು ಬರುವುದಿಲ್ಲ.

ಇನ್ನು ಕಥೆಗೂ ಗ್ರಹಿಕೆಗೂ ಇರುವ ನಂಟು. ಎರಡನೇ ಹಂತಕ್ಕೆ ಒಂದು ಮಾದರಿಯನ್ನು ಕನ್ನಡದಲ್ಲಿ ಕೊಡುತ್ತೇವೆ, ಎಲ್ಲರಿಗೂ ತಿಳಿಯಲಿ ಎಂದು:

ಇರುಳಲ್ಲಿ ಹಂದಿ ಬಂತು. ಗೆಣಸು ಅಗೆಯಿತು.
ನಾಯಿ ಬೊಗಳಲಿಲ್ಲ.
ಬೆಳಗಾಯಿತು. ಅಜ್ಜಿ ನಾಯಿಯನ್ನು ನೋಡಿದಳು.
ನಾಯಿಯ ಮೂತಿಗೂ ಮಣ್ಣು ಮೆತ್ತಿತ್ತು.

'ಹಂದಿ ಯಾವಾಗ ಬಂತು?' ಎಂಬ ಪ್ರಶ್ನೆಗೆ ಉತ್ತರ ಸಾಲಿನಲ್ಲೇ ಇದೆ. ಅರ್ಥ ತಿಳಿಯದ ಮಗುವೂ ಹುಡುಕಿ ಬೆರಳಿಡಬಹುದು. 'ನಾಯಿ ಯಾಕೆ ಬೊಗಳಲಿಲ್ಲ?' ಎಂಬುದಕ್ಕೆ ಉತ್ತರ ಯಾವ ಸಾಲಿನಲ್ಲೂ ಬರೆದಿಲ್ಲ. ಕೊನೆಯ ಸಾಲನ್ನೂ ಮೂರನೆಯ ವಾಕ್ಯವನ್ನೂ ಜೋಡಿಸಿದರೆ ಮಾತ್ರ ನಾಯಿಯೂ ಹಂದಿಯ ಜೊತೆ ಸೇರಿ ಅಗೆದಿದೆ ಎಂದು ಹೊಳೆದು ಮಗು ನಗುತ್ತದೆ. ಆ ನಗುವೇ ಉತ್ತರ. 'ನಾಯಿ ಹೆದರಿತ್ತು' ಎಂದು ಮಗು ಹೇಳಿದರೆ ಅದು ಪೂರಾ ತಪ್ಪಲ್ಲ, ಲೋಕಜ್ಞಾನದಿಂದ ಬಂದ ಮಾತು. ಆಗ ಶಿಕ್ಷಕರು 'ಹಾಗಾದರೆ ಮೂತಿಗೆ ಮಣ್ಣು ಎಲ್ಲಿಂದ ಬಂತು?' ಎಂದು ಕೇಳಿ ಮಗುವನ್ನು ಪಠ್ಯಕ್ಕೆ ವಾಪಸ್ ಕರೆಯಬೇಕು. 'ಈ ಕಥೆಯ ನೀತಿ ಏನು?' ಎಂಬ ಪ್ರಶ್ನೆಯನ್ನು ಮಾತ್ರ ಕೈಬಿಡಿ. ಅದಕ್ಕೆ ಮಕ್ಕಳು ಕಥೆ ಓದದೆಯೂ ಉತ್ತರ ಕೊಡುತ್ತಾರೆ, 'ಸುಳ್ಳು ಹೇಳಬಾರದು' ಎಂದರೆ ಮುಕ್ಕಾಲು ಪಾಲು ಕಥೆಗೆ ನಡೆಯುತ್ತದೆ!

ಇದೇ ಕಥೆಯನ್ನು ಚಿತ್ರಕಾರರು ಹಾಳುಮಾಡಬಹುದು. ಹಂದಿಯ ಪಕ್ಕದಲ್ಲಿ ನಾಯಿಯೂ ಅಗೆಯುತ್ತಿರುವ ಹಾಗೆ ಬರೆದುಬಿಟ್ಟರೆ ಓದುವ ಕೆಲಸವೇ ಉಳಿಯುವುದಿಲ್ಲ. ಚಿತ್ರ ಪದದ ಅರ್ಥಕ್ಕೆ ನೆರವಾಗಬೇಕು, ಕಥೆಯ ಗಂಟು ಬಿಚ್ಚಬಾರದು. ಪರೀಕ್ಷಿಸುವ ಬಗೆ ಹೀಗೆ: ಅಕ್ಷರ ಮುಚ್ಚಿ ಚಿತ್ರ ಮಾತ್ರ ತೋರಿಸಿ ಎಂಟು ಹತ್ತು ಮಕ್ಕಳಿಗೆ ಪ್ರಶ್ನೆ ಕೇಳಿ. ಹೆಚ್ಚಿನವರು ಸರಿ ಹೇಳಿದರೆ ಒಂದೋ ಚಿತ್ರ ಬದಲಾಗಬೇಕು, ಇಲ್ಲವೇ ಪ್ರಶ್ನೆ. ಮನೆ, ಮರ, ಬುಟ್ಟಿ, ಉಡುಗೆ ಹಾಡಿಯಲ್ಲಿರುವಂತೆಯೇ ಇರಬೇಕು ಎಂಬುದನ್ನು ಬೇರೆ ಹೇಳಬೇಕಾಗಿಲ್ಲ. ಆದರೂ ಹೇಳುತ್ತೇವೆ, ಯಾಕೆಂದರೆ ಊರಲ್ಲಿ ಕೂತು ಬರೆದ ಚಿತ್ರಗಳಲ್ಲಿ ಬುಡಕಟ್ಟಿನವರೆಂದರೆ ಇಂದಿಗೂ ಎಲೆಯುಟ್ಟ ಮನುಷ್ಯರೇ ಕಾಣುತ್ತಾರೆ.

ಇನ್ನೊಂದು ಸೂಕ್ಷ್ಮ. ಹಾಡಿಯಲ್ಲಿ ಎಲ್ಲರಿಗೂ ಬಾಯಿಪಾಠವಿರುವ ಕಥೆ ಓದಿನ ಮೊದಲ ಹೆಜ್ಜೆಗೆ ಬಲು ಒಳ್ಳೆಯದು. ಮುಂದಿನ ಪದ ಏನೆಂದು ಮಗುವಿಗೆ ಗೊತ್ತಿರುವುದರಿಂದ ಅಕ್ಷರ ಬೇಗ ಹಿಡಿಯುತ್ತದೆ. ಆದರೆ ಅದೇ ಕಥೆಯಿಂದ ಗ್ರಹಿಕೆಯನ್ನು ಅಳೆಯಬಾರದು, ಅಳೆದರೆ ಸಿಗುವುದು ನೆನಪು. ಅಳತೆಗೆ ಮಗು ಕೇಳಿರದ ಹೊಸ ಕಥೆ ಬೇಕು. ಹಾಗಾಗಿ ಪ್ರತಿ ಕಮ್ಮಟದಲ್ಲೂ ಹಳೆಯ ಕಥೆಗಳ ಜೊತೆ ಅದೇ ಯುವಕರಿಂದ ಹೊಸ ಕಥೆಗಳನ್ನೂ ಬರೆಸಿ.

ತರಗತಿಯಲ್ಲಿ ದಿನಕ್ಕೆ ಇಪ್ಪತ್ತು ನಿಮಿಷ ಕೊಟ್ಟರೆ ಒಂದು ಪುಸ್ತಕ ಮೂರು ದಿನ ನಡೆಯುತ್ತದೆ. ಮೊದಲ ದಿನ ಕೇಳುವುದು, ಮುಂದೇನಾಗಬಹುದು ಎಂದು ಊಹಿಸುವುದು. ಎರಡನೇ ದಿನ ಪದದ ಕೆಳಗೆ ಬೆರಳಿಟ್ಟು ಜೊತೆಯಲ್ಲಿ ಓದುವುದು. ಮೂರನೇ ದಿನ ಇಬ್ಬಿಬ್ಬರಾಗಿ ಓದಿ ಕಥೆಯನ್ನು ವಾಪಸ್ ಹೇಳುವುದು. ಶಿಕ್ಷಕರ ಕೈಯಲ್ಲಿ ಕಥೆಯ ಆರೇಳು ಘಟನೆಗಳ ಒಂದು ಚೀಟಿ ಇದ್ದರೆ ಸಾಕು, ಮಗು ಹೇಳಿದ್ದಕ್ಕೆ ಗುರುತು ಹಾಕಬಹುದು. ಪ್ರಶ್ನೆ ಮಗುವಿನ ಭಾಷೆಯಲ್ಲಿರಬೇಕು, ಉತ್ತರವೂ. ಶಿಕ್ಷಕರಿಗೆ ಆ ಭಾಷೆ ಬಾರದಿದ್ದರೆ ಹಾಡಿಯಿಂದಲೇ ಒಬ್ಬ ಭಾಷಾ ಸಹಾಯಕಿ ಬೇಕು, ಗೌರವಧನದ ಮೇಲಾದರೂ ಸರಿ. ಈ ಹುದ್ದೆ ಇಲ್ಲದೆ ಪುಸ್ತಕ ಅಚ್ಚು ಹಾಕಿಸುವುದು ದುಡ್ಡು ಪೋಲು ಎಂದು ಕಟುವಾಗಿಯೇ ಹೇಳುತ್ತೇವೆ. ಬುಡಕಟ್ಟು ಮಕ್ಕಳ ವಸತಿ ಶಾಲೆಯಾದ ಆಶ್ರಮ ಶಾಲೆ ಒಂದು ಇಲಾಖೆಯದು, ಪಠ್ಯ ಇನ್ನೊಂದರದು, ಅಂಗನವಾಡಿ ಮೂರನೆಯದರದು. ಸಹಾಯಕಿಯ ಸಂಬಳ ಯಾರ ತಲೆಗೆ ಎಂಬುದು ಇತ್ಯರ್ಥವಾಗದೆ ಕಡತ ಸುತ್ತುತ್ತಲೇ ಇರುವ ಸಾಧ್ಯತೆ ಇರುವುದರಿಂದಲೇ ಈ ಪತ್ರವನ್ನು ಇಬ್ಬರು ಸಚಿವರಿಗೂ ಬರೆದಿದ್ದೇವೆ.

ಕನ್ನಡಕ್ಕೆ ದಾಟುವುದು ಹೇಗೆ ಎಂಬ ಪ್ರಶ್ನೆಗೆ ಒಂದೇ ಪುಟದಲ್ಲಿ ಎರಡು ಭಾಷೆ ಅಚ್ಚು ಮಾಡುವುದು ಸುಲಭದ ಉತ್ತರ. ಆದರೆ ಅದರಲ್ಲಿ ಶಿಕ್ಷಕರು ಕನ್ನಡದ ಸಾಲನ್ನಷ್ಟೇ ಓದುತ್ತಾರೆ, ಇನ್ನೊಂದು ಸಾಲು ಅಲಂಕಾರವಾಗಿ ಉಳಿಯುತ್ತದೆ. ಅದೇ ಚಿತ್ರಗಳ ಎರಡು ಬೇರೆ ಪುಸ್ತಕ ಮಾಡಿ. ಹಾಡಿ ಭಾಷೆಯದು ಮೊದಲು, ಎರಡು ಮೂರು ವಾರ ಕಳೆದು ಕನ್ನಡದ್ದು. ಒಂದನೇ ತರಗತಿಯಲ್ಲಿ ಕನ್ನಡ ಬಾಯಿಮಾತಿನಲ್ಲೇ ಬೆಳೆಯಲಿ, ಹಾಡು, ಆಟ, ಆಜ್ಞೆ, ಕಥೆ ಕೇಳುವುದರಲ್ಲಿ. ಎರಡನೆಯದರಲ್ಲಿ ಎರಡೂ ಓದು. ಮೂರನೆಯದರಲ್ಲಿ ಕನ್ನಡದ ತೂಕ ಹೆಚ್ಚಲಿ.

ಅಳತೆಗೋಲನ್ನೂ ಸರಿಮಾಡಬೇಕು. ಕೇಂದ್ರ ಸರ್ಕಾರದ ಬುನಾದಿ ಕಲಿಕೆಯ ಯೋಜನೆ ನಿಪುಣ್ ಭಾರತ್ ಗುರಿಯಲ್ಲಿ ಮೂರನೇ ತರಗತಿಗೆ ನಿಮಿಷಕ್ಕೆ 60 ಪದ ಎಂದಿದೆ, ಅರ್ಥಸಹಿತ ಎಂದೂ ಇದೆ. ಎಣಿಸಲು ಸುಲಭವಾದದ್ದು ವೇಗ, ಹಾಗಾಗಿ ಎಣಿಕೆಯಾಗುವುದು ವೇಗ ಮಾತ್ರ. 2022ರ ಬುನಾದಿ ಕಲಿಕಾ ಅಧ್ಯಯನ 20 ಭಾಷೆಗಳಿಗೆ ಬೇರೆ ಬೇರೆ ಮಾನದಂಡ ಇಟ್ಟಿತು, ನಮ್ಮ ಹಾಡಿಗಳ ಭಾಷೆ ಅದರಲ್ಲಿಲ್ಲ. ಹೊಸ ಮಾನದಂಡ ಬರುವವರೆಗೆ ಈ ಶಾಲೆಗಳಲ್ಲಿ ವೇಗವನ್ನು ಬದಿಗಿಟ್ಟು, ಕಥೆ ಹಿಂತಿರುಗಿ ಹೇಳುವುದನ್ನೂ ಎರಡು 'ಯಾಕೆ' ಪ್ರಶ್ನೆಗಳನ್ನೂ ದಾಖಲಿಸಲು ಸುತ್ತೋಲೆ ಹೊರಡಿಸಿ.

ಮಾತಾಡುವವರು ಕಡಿಮೆ, ಅಚ್ಚಿನ ಖರ್ಚು ಹೆಚ್ಚು ಎಂಬ ಆಕ್ಷೇಪ ಬಂದೇ ಬರುತ್ತದೆ. 1971ರಿಂದೀಚೆಗೆ ಜನಗಣತಿ 10,000ಕ್ಕಿಂತ ಕಡಿಮೆ ಜನ ಆಡುವ ಭಾಷೆಗಳನ್ನು ಪಟ್ಟಿಯಲ್ಲೇ ತೋರಿಸುತ್ತಿಲ್ಲ, ಹಾಗಾಗಿ ಬೇಡಿಕೆಯೂ ಕಾಗದದ ಮೇಲೆ ಕಾಣುವುದಿಲ್ಲ. ಆದರೆ ಡಿಜಿಟಲ್ ಮುದ್ರಣದಲ್ಲಿ ಮುನ್ನೂರು ಪ್ರತಿಯನ್ನೂ ಹಾಕಿಸಬಹುದು. ನಡುವೆ ಪಿನ್ ಹೊಡೆಯುವ ಪುಸ್ತಕದ ಪುಟಗಳು ನಾಲ್ಕರ ಗುಣಕದಲ್ಲಿರಬೇಕು. ಹದಿನಾರು ಪುಟವೆಂದರೆ ಶೀರ್ಷಿಕೆ ಒಂದು, ವಿವರ ಒಂದು, ಕಥೆ ಹನ್ನೆರಡು, ಪ್ರಶ್ನೆ ಮತ್ತು ಶಿಕ್ಷಕರಿಗೆ ಸೂಚನೆ ಎರಡು. ಒಳಗೆ ಚದರ ಮೀಟರಿಗೆ 100 ಗ್ರಾಂ ತೂಗುವ, ಅಂದರೆ 100 ಜಿಎಸ್‌ಎಂ ಮ್ಯಾಪ್‌ಲಿಥೊ ಕಾಗದ, ಹೊರಗೆ ಲ್ಯಾಮಿನೇಷನ್ ಮಾಡಿದ 250 ಜಿಎಸ್‌ಎಂ ರಟ್ಟು. ಮಲೆನಾಡಿನ ಮಳೆಗಾಲದಲ್ಲಿ ಲ್ಯಾಮಿನೇಷನ್ ಇಲ್ಲದ ರಟ್ಟು ಬೂಷ್ಟು ಹಿಡಿಯುತ್ತದೆ. ಶಾಲೆಗೆ ಒಂದೊಂದು ಪ್ರತಿ ಕಳಿಸಿದರೆ ಓದುವುದು ಶಿಕ್ಷಕರೊಬ್ಬರೇ. ಇಬ್ಬರು ಮಕ್ಕಳಿಗೆ ಒಂದು ಪ್ರತಿ ಬೇಕು.

ಅಷ್ಟು ಪ್ರತಿ ಕಳಿಸಿದ ಮೇಲೂ ಅವು ಬೀರುವಿನಲ್ಲೇ ಉಳಿಯಬಹುದು. ದಾಸ್ತಾನು ವಹಿಯಲ್ಲಿ ಏರಿದ ಪುಸ್ತಕ ಹರಿದರೆ, ಕಳೆದರೆ ಮುಖ್ಯ ಶಿಕ್ಷಕರು ಉತ್ತರ ಕೊಡಬೇಕಾಗುತ್ತದೆ, ಆ ಭಯಕ್ಕೆ ಬೀಗ ಬೀಳುತ್ತದೆ. ಆರು ವರ್ಷದ ಮಕ್ಕಳ ಕೈಯಲ್ಲಿ ಓಡಾಡುವ ಪುಸ್ತಕ ಹರಿಯಲೇಬೇಕು. ಹಾಡಿ ಭಾಷೆಯ ಕಥೆ ಪುಸ್ತಕಗಳನ್ನು ಬಳಕೆ ಸಾಮಗ್ರಿ ಎಂದು ಪರಿಗಣಿಸಿ, ವರ್ಷಕ್ಕೆ ಐದರಲ್ಲಿ ಒಂದು ಪ್ರತಿಯನ್ನು ಸವಕಳಿಯೆಂದು ಯಾವ ವಿವರಣೆಯೂ ಇಲ್ಲದೆ ವಹಿಯಿಂದ ತೆಗೆಯಬಹುದು, ಮಗು ಪುಸ್ತಕವನ್ನು ಮನೆಗೆ ಒಯ್ಯಬಹುದು ಎಂದು ಒಂದು ಆದೇಶ ಕೊಡಿ. ಇದಕ್ಕೆ ಬಜೆಟ್ ಬೇಕಿಲ್ಲ, ಕಮ್ಮಟಕ್ಕೂ ಕಾಯಬೇಕಿಲ್ಲ. ಬರುವ ಜೂನ್‌ಗೆ ಮೊದಲೇ ಹೊರಡಿಸಬಹುದು.

ಇತಿ ತಮ್ಮ ವಿಶ್ವಾಸಿಗಳು,
ಹಾಡಿ ಮತ್ತು ಪೋಡು ಶಾಲೆಗಳಲ್ಲಿ ಮಕ್ಕಳ ಓದಿನ ಕೆಲಸದಲ್ಲಿ ತೊಡಗಿರುವ ಶಿಕ್ಷಕರು ಮತ್ತು ಪುಸ್ತಕ ತಯಾರಕರು